ಮನೆತನದ ಹಳೆಯ ಹೆಸರುಗಳು



ಹಳೆಯ ಮನೆಗಳ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಇರುವುದುಂಟು. ಕ್ರಯಪತ್ರ, ಪಾಲುಪಟ್ಟಿ, ಜಾತಕ, ಹುಳು ಹಿಡಿದ ಪಂಚಾಂಗ, ಇವುಗಳ ನಡುವೆ ಒಮ್ಮೊಮ್ಮೆ ವಂಶಾವಳಿಯನ್ನು ಬರೆದಿಟ್ಟ ಒಂದು ಹಾಳೆಯೂ ಸಿಕ್ಕುತ್ತದೆ. ಆ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ ಮೊದಲು ಬರುವುವು ನಮಗೆ ಪರಿಚಿತವಾದ ಹೆಸರುಗಳು: ಸುಬ್ಬರಾವ್, ಶ್ರೀನಿವಾಸ, ಸರಸ್ವತಿ, ಸೀತಾಲಕ್ಷ್ಮಿ. ಎರಡು ತಲೆ ಮೇಲಕ್ಕೆ ಹೋದರೆ ಹೆಸರುಗಳ ಬಣ್ಣವೇ ಬೇರೆಯಾಗುತ್ತದೆ: ಬೊಮ್ಮಣ್ಣ, ಲಕ್ಕಪ್ಪ, ತಿಮ್ಮಕ್ಕ, ಜಕ್ಕವ್ವ. ಇನ್ನೂ ಮೇಲಕ್ಕೆ ಹೋದರೆ ತಿಪ್ಪಯ್ಯ, ಗುಂಡಮ್ಮ, ಕಲ್ಲಪ್ಪ, ಹುಚ್ಚಪ್ಪ, ಸಾಕವ್ವ. ಮನೆಯ ಮಕ್ಕಳು ಕೇಳಿ ನಗುತ್ತಾರೆ. ದೊಡ್ಡವರು ಸ್ವಲ್ಪ ಸಂಕೋಚಪಟ್ಟುಕೊಂಡು ಹಾಳೆಯನ್ನು ಮಡಿಸಿಡುತ್ತಾರೆ. ತಿಪ್ಪೆಯ ಹೆಸರು, ಕಲ್ಲಿನ ಹೆಸರು, ‘ಸಾಕು’ ಎಂಬ ಹೆಸರು! ಹೆತ್ತವರಿಗೆ ಇದಕ್ಕಿಂತ ಒಳ್ಳೆಯ ಹೆಸರು ತೋಚಲಿಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ನಮ್ಮ ಈ ಹೊತ್ತಿನ ಭಾಷಣದ ಉದ್ದೇಶ. ಆ ಹೆಸರುಗಳು ಒರಟುತನದ ಗುರುತಲ್ಲವೆಂದೂ, ಒಂದೊಂದರ ಹಿಂದೆಯೂ ಭಾಷೆಯ ಚರಿತ್ರೆಯೋ ಕೃತಜ್ಞತೆಯೋ ದುಃಖವೋ ಅಡಗಿದೆಯೆಂದೂ, ಆದುದರಿಂದ ಅವನ್ನು ತಿದ್ದದೆ ಇದ್ದಂತೆಯೇ ಕಾಪಾಡಬೇಕೆಂದೂ ತೋರಿಸಲು ಯತ್ನಿಸುತ್ತೇವೆ.

ಮೊದಲು ಹಳೆಯ ಹೆಸರುಗಳು ಎಲ್ಲಿ ಉಳಿದುಕೊಂಡಿವೆ ಎಂಬುದನ್ನು ನೋಡೋಣ. ವೈದಿಕ ಸಂಪ್ರದಾಯದ ಮನೆಗಳಲ್ಲಿ ಶ್ರಾದ್ಧ ತರ್ಪಣಗಳ ಕಾಲದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಗಳ ಹೆಸರನ್ನು ಹೇಳುತ್ತಾರೆ. ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳೂ ಹಾಗೆಯೇ ಬರುತ್ತವೆ. ನಾಲ್ಕನೆಯ ತಲೆಯವರು ಮಂತ್ರದಿಂದ ಜಾರಿಹೋಗುತ್ತಾರೆ. ಬಹುಮಟ್ಟಿಗೆ ನೆನಪಿನಿಂದಲೂ ಜಾರಿಹೋಗುತ್ತಾರೆ. ಒಕ್ಕಲು ಮನೆತನಗಳಿಗಾದರೋ ಬೇರೊಂದು ಆಧಾರವಿತ್ತು. ಹೆಳವರೆಂಬ ಜನ ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತ, ತಮಗೆ ಸೇರಿದ ಮನೆಗಳ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರುಗಳನ್ನು ಕೊಂಡಾಡಿ, ಕಾಳುಕಡ್ಡಿಯನ್ನು ಪಡೆದು ಮುಂದಕ್ಕೆ ಹೋಗುತ್ತಿದ್ದರು. ಅವರ ಬಾಯಲ್ಲಿಯೂ ಅವರ ಹಳೆಯ ಬರಹಗಳಲ್ಲಿಯೂ ಸಾವಿರಾರು ಮನೆತನಗಳ ಹೆಸರುಗಳು ಉಳಿದಿವೆ. ಕಾಶಿ ಗಯೆಗಳಲ್ಲಿ ತೀರ್ಥಪುರೋಹಿತರು ಇಟ್ಟಿರುವ ಯಾತ್ರಿಕರ ಲೆಕ್ಕದ ಪುಸ್ತಕಗಳೂ ಇಂಥವೇ.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಶಿಲಾಶಾಸನ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಗ್ರಂಥಮಾಲೆಯನ್ನು ಕೈಗೊಂಡರು. ಅದರ ಮೊದಲ ಸಂಪುಟ 1886ರಲ್ಲಿ ಹೊರಬಂದಿತು. ಅವರ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಅಚ್ಚಾಗಿವೆ. ಅರಸರ ವಂಶವನ್ನು ತಿಳಿಯಲು ವಿದ್ವಾಂಸರು ಆ ಸಂಪುಟಗಳನ್ನು ತೆರೆಯುತ್ತಾರೆ. ಆದರೆ ಅಲ್ಲಿ ಅರಸರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಇರುವವರು ಗಾವುಂಡರು, ಸೆಟ್ಟಿಗಳು, ಅಕ್ಕಸಾಲೆಗಳು, ತುರು ಮರಳಿಸಲು ಹೋಗಿ ಮಡಿದ ಆಳುಗಳು, ಅವರ ತಾಯಂದಿರು ಮತ್ತು ಹೆಂಡಿರು. ನಮ್ಮ ಅಟ್ಟದ ಹಾಳೆಯಲ್ಲಿ ಕಂಡು ನಕ್ಕ ಹೆಸರುಗಳ ಹಿರಿಯ ಬಂಧುಗಳೆಲ್ಲ ಅಲ್ಲಿ ಕಲ್ಲಿನ ಮೇಲೆ ನಿಂತಿದ್ದಾರೆ.

ಆ ಕಲ್ಲುಗಳನ್ನು ಓದಿದವರಿಗೆ ಮೊದಲು ತಿಳಿಯುವ ಸಂಗತಿಯೆಂದರೆ, ನಮಗೆ ವಿಚಿತ್ರವಾಗಿ ಕಾಣುವ ಎಷ್ಟೋ ಹೆಸರುಗಳು ದೇವರ ಹೆಸರುಗಳೇ. ಬಾಯಿಂದ ಬಾಯಿಗೆ ಸವೆದು ಕನ್ನಡವಾದವು, ಅಷ್ಟೆ. ಬ್ರಹ್ಮ ಎಂಬುದು ಬಮ್ಮ, ಬೊಮ್ಮ ಎಂದಾಯಿತು. ಲಕ್ಷ್ಮಿ ಲಕ್ಕಿಯಾದಳು, ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಹೆಸರು ಹೀಗೆ ಬಂದದ್ದು. ದುರ್ಗೆ ದುಗ್ಗಳೆಯಾದಳು. ಯಕ್ಷಿ ಜಕ್ಕಿಯಾದಳು. ಮಹಾದೇವ ಮಾದನಾದನು, ವೃಷಭ ಬಸವನಾದನು, ಸಿಂಹ ಸಿಂಗವಾಯಿತು, ತಿರುಮಲ ತಿಮ್ಮನಾದನು. ರಾಷ್ಟ್ರಕೂಟರ ಕೃಷ್ಣನು ಶಾಸನಗಳಲ್ಲಿ ಕನ್ನರನಾಗಿದ್ದಾನೆ. ಕವಿಗಳ ಹೆಸರುಗಳೂ ಹಾಗೆಯೇ: ರನ್ನ ಎಂದರೆ ರತ್ನ, ಪೊನ್ನ ಎಂದರೆ ಹೊನ್ನು. ಇಂದು ರತ್ನಾಕರನೆಂದೋ ಸುವರ್ಣನೆಂದೋ ಮಗನಿಗೆ ಹೆಸರಿಡುವ ತಂದೆಯ ಮನಸ್ಸಿಗೂ ಸಾವಿರ ವರ್ಷಗಳ ಹಿಂದಿನ ಆ ತಂದೆತಾಯಿಯರ ಮನಸ್ಸಿಗೂ ಏನೂ ಭೇದವಿಲ್ಲ. ಅವರು ತಮ್ಮ ಬಾಯಿಗೆ ಒಗ್ಗಿದ ಮಾತನ್ನು ಬಳಸಿದರು.

ಇದನ್ನು ತಿಳಿಯದೆ ಹೋದರೆ ಚರಿತ್ರೆಯಲ್ಲಿಯೂ ಎಡವುತ್ತೇವೆ. ಹೊಯ್ಸಳ ವಿಷ್ಣುವರ್ಧನನ ವಿಷಯದಲ್ಲಿ ಪ್ರಸಿದ್ಧವಾದ ಕಥೆಯೊಂದುಂಟು. ಆತನ ಮೊದಲ ಹೆಸರು ಬಿಟ್ಟಿದೇವನೆಂದೂ, ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಮೇಲೆ ವಿಷ್ಣುವರ್ಧನನೆಂಬ ಹೊಸ ಹೆಸರನ್ನು ತಳೆದನೆಂದೂ ಜನ ಹೇಳುತ್ತಾರೆ. ಆದರೆ ‘ಬಿಟ್ಟಿ’ ಎಂಬುದೇ ವಿಷ್ಣು ಶಬ್ದದ ತದ್ಭವ. ಒಂದೇ ಹೆಸರು ಮನೆಯ ಮಾತಿನಲ್ಲಿ ಬಿಟ್ಟಿಯಾಗಿಯೂ ಆಸ್ಥಾನದ ಸಂಸ್ಕೃತದಲ್ಲಿ ವಿಷ್ಣುವಾಗಿಯೂ ಇದ್ದಿತು. ಹೀಗಿರುವಾಗ ಬರಿಯ ಹೆಸರಿನ ಬಲದ ಮೇಲೆ ಮತಾಂತರದ ಕಥೆಯನ್ನು ಕಟ್ಟುವುದು ಯುಕ್ತವಲ್ಲ. ನಮ್ಮ ಕಿವಿಗೆ ‘ಬಿಟ್ಟಿ’ ಎಂದೊಡನೆ ಕೂಲಿಯಿಲ್ಲದ ದುಡಿಮೆ ನೆನಪಾಗುತ್ತದೆ. ಅದು ವಿಷ್ಟಿ ಎಂಬ ಬೇರೊಂದು ಶಬ್ದದ ತದ್ಭವ. ಎರಡು ಶಬ್ದಗಳು ಸವೆದು ಒಂದೇ ರೂಪಕ್ಕೆ ಬಂದುದರಿಂದ, ತಲಕಾಡನ್ನು ಗೆದ್ದು ಬೇಲೂರಿನಲ್ಲಿ 1117ರಲ್ಲಿ ದೇವರನ್ನು ಪ್ರತಿಷ್ಠೆ ಮಾಡಿದ ಅರಸನ ಹೆಸರು ನಮಗೆ ಹಗುರವಾಗಿ ಕೇಳಿಸುವಂತಾಯಿತು. ದೋಷವಿರುವುದು ಹೆಸರಿನಲ್ಲಲ್ಲ, ನಮ್ಮ ಮರೆವಿನಲ್ಲಿ.

ಇನ್ನು ಹೆಸರಿನ ಬಾಲದ ಕಡೆಗೆ ಗಮನವೀಯೋಣ. ಹಳೆಯ ಶಾಸನಗಳ ಸ್ತ್ರೀನಾಮಗಳು ಹೆಚ್ಚಾಗಿ ‘ಅಬ್ಬೆ’ ಎಂದು ಮುಗಿಯುತ್ತವೆ. ಅಬ್ಬೆ ಎಂದರೆ ತಾಯಿ. ಅದೇ ಮುಂದೆ ಅವ್ವೆಯಾಗಿ ಅವ್ವ ಎಂದು ನಿಂತಿತು. ಅಮ್ಮ, ಅಕ್ಕ, ಬಾಯಿ ಎಂಬವು ಬೇರೆ ಬೇರೆ ಕಾಲ ದೇಶಗಳಲ್ಲಿ ಅದರ ಸ್ಥಾನಕ್ಕೆ ಬಂದುವು. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡನ್ನು, ಗಂಡನು ಸತ್ತ ಮೇಲೆ ಅವನ ಅಧಿಕಾರವನ್ನು ವಹಿಸಿಕೊಂಡು ಆಳಿದವಳು ಜಕ್ಕಿಯಬ್ಬೆ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳು ಅತ್ತಿಮಬ್ಬೆ. ಅವಳ ತಂಗಿ ಗುಂಡಮಬ್ಬೆ. ವಿಷ್ಣುವರ್ಧನನ ರಾಣಿ ಶಾಂತಲದೇವಿಯ ತಾಯಿ ಮಾಚಿಕಬ್ಬೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಮರಣದಿಂದ ನೊಂದ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟಳೆಂದು ಅಲ್ಲಿಯ ಶಾಸನ ಹೇಳುತ್ತದೆ. ಇಂದು ಮಾಚಿಕಬ್ಬೆ ಎಂಬ ಹೆಸರನ್ನು ಕೇಳಿದರೆ ನಗು ಬರಬಹುದು. ಅವಳ ಕಥೆಯನ್ನು ಕೇಳಿದ ಮೇಲೆ ನಗು ನಿಲ್ಲುತ್ತದೆ. ವಂಶಾವಳಿಯಲ್ಲಿ ಅವ್ವ, ಅಕ್ಕ, ಅಮ್ಮ, ಬಾಯಿ ಎಂಬ ಬಾಲಗಳನ್ನು ಹಾಗೆಯೇ ಬರೆದಿಟ್ಟರೆ ಮನೆತನವು ಯಾವ ಸೀಮೆಯಿಂದ ಬಂದಿತು, ಯಾವ ಮಾತಿನ ನೆರೆಯಲ್ಲಿ ಬೆಳೆಯಿತು ಎಂಬುದಕ್ಕೆ ಒಂದು ಸುಳುಹು ದೊರೆಯುತ್ತದೆ.

ಮೂರನೆಯ ಸಂಗತಿ ಹೆಸರುಗಳ ಪುನರಾವೃತ್ತಿ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಹೊಯ್ಸಳರ ವಂಶವನ್ನೇ ನೋಡಿರಿ. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹ. ಅವನ ಮಗ ಇಮ್ಮಡಿ ಬಲ್ಲಾಳ. ಬಲ್ಲಾಳನ ಮಗ ಮತ್ತೆ ನರಸಿಂಹ. ಅವನ ಮಗ ಸೋಮೇಶ್ವರ. ಸೋಮೇಶ್ವರನ ಮಗ ಮತ್ತೊಮ್ಮೆ ನರಸಿಂಹ. ಮೂವರು ನರಸಿಂಹರಲ್ಲಿ ಪ್ರತಿಯೊಬ್ಬನೂ ಹಿಂದಿನವನ ಮೊಮ್ಮಗ. ಅರಮನೆಯಲ್ಲಿ ನಡೆದುದೇ ಗುಡಿಸಲಿನಲ್ಲಿಯೂ ನಡೆಯಿತು. ವಂಶಾವಳಿಯಲ್ಲಿ ಒಂದು ಹೆಸರು ಒಂದು ತಲೆ ಬಿಟ್ಟು ಒಂದು ತಲೆಗೆ ಬರುತ್ತಿದ್ದು, ನಡುವೆ ಒಂದೆಡೆ ಈ ಕ್ರಮ ತಪ್ಪಿದರೆ, ಅಲ್ಲಿ ಒಬ್ಬ ಹಿರಿಯ ಮಗ ಎಳೆಯ ವಯಸ್ಸಿನಲ್ಲಿ ತೀರಿಹೋದನೋ, ದತ್ತು ಬಂದಿತೋ, ಒಂದು ತಲೆಯೇ ಬರೆಹದಲ್ಲಿ ಬಿಟ್ಟುಹೋಯಿತೋ ಎಂದು ವಿಚಾರಿಸುವುದಕ್ಕೆ ಅವಕಾಶವಾಗುತ್ತದೆ.

ಒಂದೇ ಹೆಸರು ಮತ್ತೆ ಮತ್ತೆ ಬಂದಾಗ ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಹೇಳಬೇಕಲ್ಲವೆ? ಮೈಸೂರಿನ ಒಡೆಯರ ವಂಶದಲ್ಲಿ ಚಾಮರಾಜರು ಹಲವರು. ಒಬ್ಬರಿಗೆ ಕೈಯಲ್ಲಿ ಆರು ಬೆರಳಿದ್ದುದರಿಂದ ಆರ್ಬೆರಳು ಚಾಮರಾಜರೆಂದು ಹೆಸರಾಯಿತು; 1572ರಿಂದ 1576ರವರೆಗೆ ಆಳಿದ ಇನ್ನೊಬ್ಬರನ್ನು ಬೋಳ ಚಾಮರಾಜರೆಂದು ಕರೆದರು. ಹಿರಿಯ ದೇವರಾಜರು ದೊಡ್ಡದೇವರಾಜರಾದರೆ 1673ರಲ್ಲಿ ಪಟ್ಟಕ್ಕೆ ಬಂದವರು ಚಿಕ್ಕದೇವರಾಜರಾದರು. ಮುಂದೆ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಗಂಭೀರವಾದ ಎಣಿಕೆ ಬಳಕೆಗೆ ಬಂದಿತು. ನಮ್ಮ ಮನೆಗಳಲ್ಲಿ ಇಮ್ಮಡಿ ಮುಮ್ಮಡಿಗಳು ಇರಲಿಲ್ಲ. ಆ ಕೆಲಸವನ್ನು ದೊಡ್ಡ, ಚಿಕ್ಕ, ಕರಿ, ಕೆಂಪು, ಗಿಡ್ಡ, ಪುಟ್ಟ ಎಂಬ ಮಾತುಗಳು ಮಾಡಿದುವು. ಕರಿತಿಮ್ಮ, ಕೆಂಪುತಿಮ್ಮ ಎಂಬವು ಬೈಗುಳಗಳಲ್ಲ. ಅರಮನೆಯ ಬಖರಿನಲ್ಲಿ ಬೋಳ ಎಂಬುದು ನಾಚಿಕೆಯ ಮಾತಾಗದಿದ್ದರೆ ನಮ್ಮ ಹಾಳೆಯಲ್ಲಿ ಗಿಡ್ಡಯ್ಯನೆಂಬುದು ಏಕೆ ನಾಚಿಕೆಯಾಗಬೇಕು?

ಇದಕ್ಕೆ ಸೇರಿದ ಇನ್ನೊಂದು ಸ್ವಾರಸ್ಯವುಂಟು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಹಿಂದಿನ ಕಟ್ಟು. ಆದರೆ ಮಾವನ ಹೆಸರನ್ನೇ ಮಗನಿಗಿಟ್ಟಿದ್ದಾರೆ. ತಾಯಿ ಮಗುವನ್ನು ಕರೆಯುವುದು ಹೇಗೆ? ಅಪ್ಪಯ್ಯ, ಅಜ್ಜಪ್ಪ, ತಾತಯ್ಯ, ಅಣ್ಣಯ್ಯ, ಪುಟ್ಟಣ್ಣ ಎಂಬ ಎಷ್ಟೋ ಕರೆಯುವ ಹೆಸರುಗಳು ಈ ಇಕ್ಕಟ್ಟಿನಲ್ಲಿ ಬಳಕೆಗೆ ಬಂದುವು. ಕ್ರಮೇಣ ಅವೇ ನಿಂತು, ಇಟ್ಟ ಹೆಸರು ಮರೆತುಹೋಯಿತು. ಹಾಲುಗಲ್ಲದ ಕೂಸಿಗೆ ಅಜ್ಜಪ್ಪನೆಂಬ ಹೆಸರೇನು ಎಂದು ಆಶ್ಚರ್ಯಪಡುವವರು ಆ ಕೂಸಿನ ತಾಯಿಯ ಸಂಕಟವನ್ನು ನೆನೆಯಬೇಕು. ಅವಳು ಕಟ್ಟನ್ನೂ ಮುರಿಯಲಿಲ್ಲ, ಮಗುವನ್ನು ಮುದ್ದಿಸುವುದನ್ನೂ ಬಿಡಲಿಲ್ಲ.

ಕೆಲವು ಹೆಸರುಗಳು ಋಣವನ್ನು ನೆನೆಯುವುದಕ್ಕಾಗಿ ಇಟ್ಟವು. ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನನು ತನ್ನ ವಿಷಯವನ್ನು ತಾನೇ ಹೇಳಿಕೊಂಡಿದ್ದಾನೆ. ಅವನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಹೆಂಡಿರು ಜಕ್ಕಿ ಮತ್ತು ಶಾಂತಿ. ಮಕ್ಕಳಲ್ಲಿ ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ತನಗೆ ಮೊದಲು ಆಸರೆಯಿತ್ತ ಚಾವುಂಡರಾಯನ ಹೆಸರು ಮಗನಿಗೆ. 993ರಲ್ಲಿ ಮುಗಿದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯ ಹೆಸರು ಮಗಳಿಗೆ. ಬಡತನದಿಂದ ಮೇಲೆ ಬಂದವನು ತನ್ನ ಕೃತಜ್ಞತೆಯನ್ನು ದಿನಕ್ಕೆ ಹತ್ತು ಸಲ ಮನೆಯಲ್ಲಿ ಕೂಗಿ ಕರೆಯುವ ಹಾಗೆ ಏರ್ಪಡಿಸಿಕೊಂಡನು. ನಿಮ್ಮ ವಂಶಾವಳಿಯಲ್ಲಿ ಹಿಂದಿನ ತಲೆಗಳಿಗೆ ಹೊಂದದ ಹೆಸರೊಂದು ತಟ್ಟನೆ ಕಂಡುಬಂದರೆ, ಅದು ಒಬ್ಬ ಗುರುವಿನ, ವೈದ್ಯನ, ಅನ್ನವಿಕ್ಕಿದ ಧಣಿಯ ಹೆಸರೂ ಆಗಿರಬಹುದು.

ಈಗ ತಿಪ್ಪಯ್ಯ, ಗುಂಡಮ್ಮ, ಕಲ್ಲಪ್ಪರ ಬಳಿಗೆ ಬರೋಣ. ಇವು ಭಯದಿಂದ ಹುಟ್ಟಿದ ಹೆಸರುಗಳು. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಸಾಯುತ್ತಿದ್ದ ಮನೆಯಲ್ಲಿ, ಮುಂದಿನ ಮಗು ಹುಟ್ಟಿದೊಡನೆ ಅದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುತ್ತಿದ್ದರು. ತಿಪ್ಪ ಎಂದು ಹೆಸರಿಡುತ್ತಿದ್ದರು. ಇದು ಯಾರಿಗೂ ಬೇಡವಾದ ಕಸ, ಇದರ ಮೇಲೆ ಕಣ್ಣು ಹಾಕಬೇಡ ಎಂದು ಮೃತ್ಯುವಿಗೆ ಹೇಳಿದ ಮಾತು ಅದು. ಮಗುವನ್ನು ನೆರೆಯವಳಿಗೆ ಕೊಟ್ಟು, ಒಂದು ಮೊರ ಕಾಳಿಗೆ ಮತ್ತೆ ಕೊಂಡು ತರುತ್ತಿದ್ದುದೂ ಉಂಟು. ಗಂಡುಮಗುವಿನ ಮೂಗನ್ನು ಚುಚ್ಚಿಸುತ್ತಿದ್ದುದೂ ಉಂಟು. ಗುಂಡ, ಕಲ್ಲ ಎಂಬುವುಗಳಲ್ಲಿ ಕಲ್ಲುಗುಂಡಿನಂತೆ ಗಟ್ಟಿಯಾಗಿ ಬಾಳಲಿ ಎಂಬ ಹಾರೈಕೆಯಿದೆ. ಇದು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ತಮಿಳರ ಕುಪ್ಪುಸ್ವಾಮಿ, ಕುಪ್ಪಮ್ಮ ಎಂಬಲ್ಲಿ ‘ಕುಪ್ಪೈ’ ಎಂದರೆ ಕಸ. ತೆಲುಗರ ಪೆಂಟಯ್ಯ ಎಂಬಲ್ಲಿ ‘ಪೆಂಟ’ ಎಂದರೆ ತಿಪ್ಪೆ. ಭಾಷೆ ಬೇರೆ, ತಾಯಂದಿರ ಅಳಲು ಒಂದೇ.

ಈ ಹೆಸರುಗಳ ಕಾಲವನ್ನು ನಾವು ಸರಿಯಾಗಿ ಊಹಿಸಿಕೊಳ್ಳಬೇಕು. ಸಿಡುಬಿಗೆ ಗೋವಿನ ಸಿಡುಬಿನಿಂದ ದಾಕು ಹಾಕಬಹುದೆಂದು ಜೆನ್ನರನು ಪ್ರಕಟಿಸಿದ್ದು 1798ರಲ್ಲಿ; ಆ ದಾಕು ಭಾರತಕ್ಕೆ ಬಂದದ್ದು 1802ರಲ್ಲಿ; ನಮ್ಮ ದೇಶ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ್ದು 1977ರಲ್ಲಿ. ಈ ನಡುವಣ ಕಾಲದಲ್ಲಿಯೂ ಅದಕ್ಕೆ ಹಿಂದೆಯೂ ಸಿಡುಬು, ವಾಂತಿಭೇದಿ, ಚಳಿಜ್ವರ, ಬರಗಾಲ ಇವುಗಳ ಮುಂದೆ ತಾಯಿಯ ಕೈಯಲ್ಲಿ ಇದ್ದುದು ಹರಕೆ ಮತ್ತು ಹೆಸರು, ಎರಡೇ. ಔಷಧವಿಲ್ಲದ ಕಡೆ ಅವಳು ಹೆಸರನ್ನೇ ಔಷಧವಾಗಿ ಕೊಟ್ಟಳು. ಹೀಗಾಗಿ ಹಾಳೆಯಲ್ಲಿ ತಿಪ್ಪಯ್ಯನೆಂಬ ಹೆಸರನ್ನು ಕಂಡಾಗ, ಅದಕ್ಕೆ ಮೊದಲು ಬರೆಯದೆ ಉಳಿದ ಎರಡು ಮೂರು ಹೆಸರುಗಳು ಇದ್ದಿರಬಹುದೆಂದು ತಿಳಿಯಬೇಕು. ಅವು ತೊಟ್ಟಿಲಲ್ಲಿಯೇ ಮುಗಿದುಹೋದ ಮಕ್ಕಳವು. ಆ ಮಕ್ಕಳಿಗೆ ಬೇರೆ ಸ್ಮಾರಕವಿಲ್ಲ. ಬದುಕಿ ಉಳಿದ ತಮ್ಮನ ಒರಟು ಹೆಸರೇ ಅವರ ಸ್ಮಾರಕ.

ಸಾಕಮ್ಮ, ಸಾಕವ್ವ ಎಂಬ ಹೆಸರಿನಲ್ಲಿ ಎರಡು ಅರ್ಥ ಕೂಡಿಕೊಂಡಿವೆ. ಹೆಣ್ಣುಮಕ್ಕಳೇ ಹುಟ್ಟುತ್ತಿದ್ದ ಮನೆಯಲ್ಲಿ ‘ಇನ್ನು ಸಾಕು’ ಎಂದು ಹೇಳಿದ ಮಾತು ಒಂದು; ಅದನ್ನು ನಾವು ಮುಚ್ಚಿಡುವುದು ಸರಿಯಲ್ಲ, ಆ ಮಾತಿನಲ್ಲಿರುವ ಅನ್ಯಾಯವೂ ನಮ್ಮ ಚರಿತ್ರೆಯೇ. ತಾಯಿ ಸತ್ತ ಕೂಸನ್ನು ಅಜ್ಜಿಯೋ ಚಿಕ್ಕಮ್ಮನೋ ಸಾಕಿ ಬೆಳೆಸಿದಾಗ ಬಂದ ಹೆಸರು ಇನ್ನೊಂದು. ಬರಿಯ ಅಕ್ಷರವನ್ನು ನೋಡಿ ಯಾವುದೆಂದು ನಿರ್ಧರಿಸಲಾಗದು. ಮನೆಯ ಹಿರಿಯರನ್ನೇ ಕೇಳಬೇಕು. ಹೆಸರು ಏನೇ ಹೇಳಲಿ, ಬಾಳು ಅದನ್ನು ಮೀರಬಲ್ಲುದು. ಕಾಫಿಪುಡಿ ಸಾಕಮ್ಮನವರೆಂದು ಹೆಸರಾದ ಮಹಿಳೆ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನಲ್ಲಿ ಸ್ವಂತ ಉದ್ಯಮವನ್ನು ನಡೆಸಿ ಸಂಸ್ಥಾನದಲ್ಲೆಲ್ಲ ಗಣ್ಯರೆನಿಸಿದರು. ಬಸವನಗುಡಿಯ ಬಳಿಯ ಸಾಕಮ್ಮ ಗಾರ್ಡನ್ಸ್ ಅವರ ಹೆಸರನ್ನು ಇಂದಿಗೂ ಹೊತ್ತಿದೆ. ಗುಂಡಪ್ಪ ಎಂಬುದು ಹಳ್ಳಿಯ ಹೆಸರೆಂದು ಮೂಗು ಮುರಿಯುವವರು ಡಿ. ವಿ. ಗುಂಡಪ್ಪನವರನ್ನು ನೆನೆದರೆ ಸಾಕು. ಅವರಾದರೋ 1943ರಲ್ಲಿ ಪ್ರಕಟವಾದ ತಮ್ಮ ಕಗ್ಗದಲ್ಲಿ ಜೀವನದ ತತ್ತ್ವವನ್ನೆಲ್ಲ ಮಂಕುತಿಮ್ಮನೆಂಬ ಮತ್ತೊಂದು ಹಳೆಯ ಹೆಸರಿನವನ ಬಾಯಲ್ಲಿ ಇರಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ತಿಪ್ಪ ಎಂದು ಕಂಡಲ್ಲೆಲ್ಲ ಸತ್ತ ಮಕ್ಕಳ ಕಥೆಯನ್ನು ಊಹಿಸುವುದು ತಪ್ಪು. ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರುಗಳು ಮನೆಮನೆಗೂ ಇವೆ. ಅವು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಮೇಲಿನ ಭಕ್ತಿಯಿಂದ ಬಂದವು. ಕೊಂಡಯ್ಯನನ್ನು ‘ಕೊಂಡು ತಂದವನು’ ಎಂದು ಅರ್ಥಮಾಡಿಕೊಳ್ಳುವವರು ಕೊಂಡ ಎಂದರೆ ತೆಲುಗಿನಲ್ಲಿ ಬೆಟ್ಟವೆಂಬುದನ್ನೂ, ಅದು ತಿರುಪತಿಯ ಬೆಟ್ಟದೊಡೆಯನ ಹೆಸರಾಗಬಹುದೆಂಬುದನ್ನೂ ಮರೆಯಬಾರದು. ಒಂದೇ ಹೆಸರು ಎರಡು ಸೀಮೆಗಳಲ್ಲಿ ಎರಡು ಅರ್ಥವನ್ನು ಕೊಡುತ್ತದೆ. ಆದಕಾರಣ ಹೆಸರಿನ ಜತೆಗೆ ಊರನ್ನೂ ಮನೆದೇವರನ್ನೂ ಬರೆದಿಡುವುದು ಅವಶ್ಯಕ.

ಇಷ್ಟು ಅರ್ಥವನ್ನು ಹೊತ್ತ ಹೆಸರುಗಳು ಈಗ ಎರಡು ರೀತಿಯಲ್ಲಿ ಅಳಿಯುತ್ತಿವೆ. ಮೊದಲನೆಯದು ಮರೆವು. ಅದರ ಪೆಟ್ಟು ಹೆಚ್ಚಾಗಿ ಬಿದ್ದಿರುವುದು ಹೆಂಗಸರ ಮೇಲೆ. ನಾವು ಕಂಡ ಬಹುಪಾಲು ವಂಶವೃಕ್ಷಗಳಲ್ಲಿ ಕೊಂಬೆಗಳೆಲ್ಲ ಗಂಡಸರವು. ಹುಟ್ಟಿದ ಮನೆಯವರು ಕೊಟ್ಟ ಹೆಣ್ಣೆಂದು ಮಗಳನ್ನು ಬರೆಯಲಿಲ್ಲ. ಸೇರಿದ ಮನೆಯವರು ಬಂದ ಹೆಣ್ಣೆಂದು ಸೊಸೆಯನ್ನು ಬರೆಯಲಿಲ್ಲ. ಕೊಂಕಣಿಗರಲ್ಲಿಯೂ ಉತ್ತರ ಕರ್ನಾಟಕದ ಕೆಲವು ಪಂಗಡಗಳಲ್ಲಿಯೂ ಮದುವೆಯ ದಿನ ವಧುವಿಗೆ ಹೊಸ ಹೆಸರನ್ನಿಡುವ ವಾಡಿಕೆಯುಂಟಾದ್ದರಿಂದ, ಅಂಥ ಕಡೆ ತವರಿನ ಹೆಸರು ಅಂದೇ ಮರೆಯಾಯಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲನ್ನು ಇಲ್ಲಿ ನೆನೆಯಬೇಕಾಗಿದೆ. ಅದು ಸುಮಾರು 950ರದು. ಗಂಗರ ಬೂತುಗನು ತನ್ನ ವೀರನಾದ ಮಣಲೇರನ ಪರಾಕ್ರಮವನ್ನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಸ್ವಾಮಿಭಕ್ತಿಯ ನಾಯಿಗೆ ಸಂದ ಗೌರವ ಉಚಿತವೇ ಸರಿ. ಆದರೆ ಒಂದು ನಾಯಿಯ ಹೆಸರು ಸಾವಿರ ವರ್ಷಗಳ ಮೇಲೂ ನಮಗೆ ಗೊತ್ತಿರಲು, ನಮ್ಮ ಮುತ್ತಜ್ಜಿಯ ತಾಯಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನೂರೈವತ್ತು ವರ್ಷಗಳ ಹಿಂದೆ ಇದ್ದವಳು, ನಮ್ಮ ರಕ್ತಕ್ಕೆ ಮೂಲವಾದವಳು, ಅವಳು ಹೆಸರಿಲ್ಲದೆ ಹೋದಳು.

ಎರಡನೆಯದು ತಿದ್ದುವಿಕೆ. ಇದು ಓದುಬರಹ ಬಲ್ಲವರೇ ಮಾಡುವ ಹಾನಿ. ವಂಶಾವಳಿಯನ್ನು ಅಚ್ಚುಹಾಕಿಸುವಾಗಲೋ ಹೊಸದಾಗಿ ಬರೆಯುವಾಗಲೋ ಬೊಮ್ಮಣ್ಣನನ್ನು ಬ್ರಹ್ಮಾನಂದನನ್ನಾಗಿ, ತಿಮ್ಮಕ್ಕನನ್ನು ತಿರುಮಲಾಂಬೆಯನ್ನಾಗಿ, ತಿಪ್ಪಮ್ಮನನ್ನು ತ್ರಿಪುರಸುಂದರಿಯನ್ನಾಗಿ ಮಾಡಿಬಿಡುತ್ತಾರೆ. ಉದ್ದೇಶ ಒಳ್ಳೆಯದೇ, ಹಿರಿಯರಿಗೆ ಗೌರವ ತರಬೇಕೆಂಬುದು. ಆದರೆ ಪರಿಣಾಮವೇನು? ತಿಪ್ಪಮ್ಮನ ಜತೆಗೆ ಅವಳ ತಾಯಿಯ ಭಯವೂ, ತೊಟ್ಟಿಲಲ್ಲಿ ತೀರಿದ ಅಕ್ಕಂದಿರ ನೆನಪೂ ಹಾಳೆಯಿಂದ ಅಳಿಸಿಹೋಗುತ್ತವೆ. ತ್ರಿಪುರಸುಂದರಿ ಎಂಬ ಹೆಸರಿನಲ್ಲಿ ಅದು ಯಾವುದೂ ಇಲ್ಲ. ಅಂಥ ಹೆಸರಿನ ಹೆಂಗಸು ಆ ಮನೆಯಲ್ಲಿ ಎಂದೂ ಇರಲೇ ಇಲ್ಲ. ಅಲ್ಲದೆ, ಮುಂದೆ ಯಾರಾದರೂ ಹಳೆಯ ಕ್ರಯಪತ್ರವನ್ನೋ ಶಾನುಭೋಗರ ಲೆಕ್ಕವನ್ನೋ ಹಿಡಿದು ಹುಡುಕಿದರೆ ಅಲ್ಲಿ ಕಾಣುವ ತಿಪ್ಪಮ್ಮನಿಗೂ ಹಾಳೆಯ ತ್ರಿಪುರಸುಂದರಿಗೂ ಸಂಬಂಧವೇ ತಿಳಿಯುವುದಿಲ್ಲ. ಶ್ರವಣಬೆಳಗೊಳದ ಕಲ್ಲಿನ ಮೇಲೆ ಮಾಚಿಕಬ್ಬೆಯನ್ನು ಯಾರಾದರೂ ಕೆತ್ತಿ ತಿದ್ದಿದರೆ ನಾವು ಸಹಿಸುವೆವೆ? ಮನೆಯ ವಂಶಾವಳಿಯೂ ಒಂದು ಶಾಸನವೇ.

ಹೊಸ ಮಕ್ಕಳಿಗೆ ಹಳೆಯ ಹೆಸರನ್ನೇ ಇಡಬೇಕೆಂದು ನಾವು ಹೇಳುತ್ತಿಲ್ಲ. ಹೆಸರಿಡುವುದು ತಂದೆತಾಯಿಯರ ಸಂತೋಷ. ಕಾಲಕ್ಕೆ ತಕ್ಕಂತೆ ಅಭಿರುಚಿ ಬದಲಾಗುತ್ತದೆ. ಇಂದು ಹಡೆದ ಮಗು ಬದುಕುತ್ತದೆಂಬ ಧೈರ್ಯ ನಮಗಿರುವುದರಿಂದಲೇ ಅದಕ್ಕೆ ಇಂಪಾದ ಹೆಸರನ್ನು ಅಂಜಿಕೆಯಿಲ್ಲದೆ ಇಡುತ್ತೇವೆ. ಆ ಧೈರ್ಯವಿಲ್ಲದ ಕಾಲದವರನ್ನು ನಾವು ಹಾಸ್ಯ ಮಾಡಬಾರದು, ಅಷ್ಟೆ. ಕಾಲವು ಕೆಲವು ಸಲ ತಾನೇ ವಿನೋದವನ್ನು ಏರ್ಪಡಿಸುವುದೂ ಉಂಟು. ನಮ್ಮಲ್ಲಿ ಅನೇಕರಿಗೆ ಮನೆತನದ ಉಪನಾಮವಿಲ್ಲ. ಹೊರದೇಶಗಳಿಗೆ ಹೋಗುವಾಗ ರಹದಾರಿಯಲ್ಲಿ ಕೊನೆಯ ಹೆಸರೊಂದು ಬೇಕೆಂದು ತಂದೆಯ ಹೆಸರನ್ನೇ ಬರೆಯಿಸಿಕೊಳ್ಳುತ್ತಾರೆ; ಅಲ್ಲಿ ಅದೇ ಮಕ್ಕಳು ಮೊಮ್ಮಕ್ಕಳಿಗೆ ಉಪನಾಮವಾಗಿ ನಿಲ್ಲುತ್ತದೆ. ಇಲ್ಲಿ ನಾವು ಮಡಿಸಿಟ್ಟ ಗುಂಡಪ್ಪ, ತಿಮ್ಮಯ್ಯ, ಬೊಮ್ಮಯ್ಯಂದಿರು ಈಗ ಸಮುದ್ರದಾಚೆಯ ಪಾಠಶಾಲೆಗಳ ಹಾಜರಿಪುಸ್ತಕದಲ್ಲಿ ದಿನವೂ ಕೂಗಿಸಿಕೊಳ್ಳುತ್ತಿದ್ದಾರೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಮುಂದಿನ ಹಬ್ಬಕ್ಕೆ ಮನೆಯವರೆಲ್ಲ ಸೇರಿದಾಗ, ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಹೆಂಗಸಿನ ಬಳಿ ಕಾಗದ ಹಿಡಿದು ಕುಳಿತುಕೊಳ್ಳಿರಿ. ಅವರ ತಾಯಿಯ ಹೆಸರೇನು, ಆ ತಾಯಿಯ ತಾಯಿಯನ್ನು ಏನೆಂದು ಕರೆಯುತ್ತಿದ್ದರು, ಅವರ ತವರೂರು ಯಾವುದು, ಮನೆದೇವರು ಯಾರು, ಆ ಹೆಸರನ್ನು ಏಕೆ ಇಟ್ಟರು ಎಂದು ಕೇಳಿರಿ. ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿರಿ. ಅವ್ವ ಎಂದರೆ ಅವ್ವ ಎಂದೇ, ತಿಪ್ಪಿ ಎಂದರೆ ತಿಪ್ಪಿ ಎಂದೇ ಬರೆಯಿರಿ. ಹುಟ್ಟಿ ಉಳಿಯದೆ ಹೋದ ಮಕ್ಕಳ ವಿಷಯವನ್ನು ಅವರು ಹೇಳಿದರೆ ಅದನ್ನೂ ಒಂದು ಸಾಲು ಬರೆಯಿರಿ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ಅವರಿಗೆ ಕೇಳಿಸಿರಿ. ಎಷ್ಟೋ ವರ್ಷಗಳಿಂದ ಯಾರೂ ಕರೆಯದ ಹೆಸರುಗಳು ಆ ಹೊತ್ತು ಮನೆಯಲ್ಲಿ ಮತ್ತೆ ಕೇಳಿಸುತ್ತವೆ.